ಸ್ಕೇಲ್ ಮಾಡೆಲ್ ಕಟ್ಟುವ ತಮ್ಮನಿಗೆ 2000 ರೂಪಾಯಿಯೊಳಗೆ ಯಾವ ಕಿಟ್ ಕೊಡಲಿ?

ಕ್ರಿಸ್‌ಮಸ್ ರಜೆಗೆ ಬರುವ ತಮ್ಮನಿಗೆ ಹೇಳದೆ ಕೇಳದೆ ಒಂದು ವಿಮಾನದ ಕಿಟ್, ಅಂದರೆ ಬಿಡಿ ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಿ ನಿಜವಾದ ವಿಮಾನದ ಪುಟ್ಟ ಪ್ರತಿರೂಪ ಕಟ್ಟುವ ಪೆಟ್ಟಿಗೆ, ತಂದಿಡಬೇಕೆಂದು ಬರೆದಿದ್ದೀರಿ. 2021ರ ಹುತ್ತರಿಗೆ ನಾನು ನಮ್ಮ ಯಜಮಾನರಿಗೆ ಮಾಡಿದ್ದೂ ಇದನ್ನೇ. ಆ ಪೆಟ್ಟಿಗೆ ಇಂದಿಗೂ ವಿರಾಜಪೇಟೆಯ ನಮ್ಮ ಮನೆಯ ಅಟ್ಟದ ಮೇಲಿದೆ.

ಆ ವರ್ಷದ ಫೆಬ್ರುವರಿಯಲ್ಲಿ ಮಡಿಕೇರಿಯ ‘ಸನ್ನಿ ಸೈಡ್’, ಅಂದರೆ ಜನರಲ್ ತಿಮ್ಮಯ್ಯನವರ ಮನೆ, ವಸ್ತುಸಂಗ್ರಹಾಲಯವಾಗಿ ತೆರೆದಿತ್ತು. ಅಲ್ಲಿ ನಿಲ್ಲಿಸಿರುವ ಮಿಗ್-21 ಯುದ್ಧವಿಮಾನದ ಸುತ್ತ ಯಜಮಾನರು ಒಂದು ಗಂಟೆ ತಿರುಗಿ, ಚಕ್ರದ ಗೂಡನ್ನೂ ರೆಕ್ಕೆಯಡಿಯ ಮಾಸಿದ ಬಣ್ಣವನ್ನೂ ಬಗ್ಗಿ ಬಗ್ಗಿ ಫೋಟೊ ತೆಗೆದರು. ಇವರಿಗೆ ಮಿಗ್ ಕಿಟ್ಟೇ ಸರಿ ಎಂದು ನಾನು ಅಂದೇ ನಿಶ್ಚಯಿಸಿದೆ. ಅಂತರ್ಜಾಲದ ಅಂಗಡಿಯಲ್ಲಿ ಅದೇ ವಿಮಾನ ಎರಡು ಅಳತೆಗಳಲ್ಲಿತ್ತು: 1/72 ಮತ್ತು 1/48, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಭಾಗ ಮತ್ತು ನಲವತ್ತೆಂಟನೇ ಒಂದು ಭಾಗ. ಮೂವತ್ತು ವರ್ಷ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟವಳು ನಾನು. ಛೇದ ಚಿಕ್ಕದಾದರೆ ವಿಮಾನ ದೊಡ್ಡದೆಂದು ತಿಳಿಯದವಳಲ್ಲ. ಕೊಡುವುದಾದರೆ ದೊಡ್ಡದನ್ನೇ ಕೊಡೋಣವೆಂದು 1/48 ತರಿಸಿದೆ.

ಲೆಕ್ಕ ಸರಿಯಾಗಿತ್ತು, ತಿಳಿವಳಿಕೆ ತಪ್ಪಾಗಿತ್ತು. ಆ ಸಂಖ್ಯೆಯನ್ನು ನಾನು ಬಟ್ಟೆಯ ಸೈಜಿನಂತೆ ಓದಿದ್ದೆ. ಸುಮಾರು 15 ಮೀಟರ್ ಉದ್ದದ ಮಿಗ್ 1/72ರಲ್ಲಿ 21 ಸೆಂಟಿಮೀಟರ್ ಆಗುತ್ತದೆ, 1/48ರಲ್ಲಿ 31 ಆಗುತ್ತದೆ. ನಮ್ಮ ಗಾಜಿನ ಕಪಾಟಿನ ಆಳವೇ 25. ಇಷ್ಟೇ ಆಗಿದ್ದರೆ ಆಚಾರಿಯನ್ನು ಕರೆಸಿ ಹಲಗೆ ಬದಲಿಸಬಹುದಿತ್ತು. ಆದರೆ ಯಜಮಾನರ ಸಂಗ್ರಹವೆಲ್ಲ 1/72. ಅದರಲ್ಲಿ 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಹಿಂತಿರುಗದ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಹಾರಿಸಿದಂಥ ಮಿಸ್ಟೇರ್ ಯುದ್ಧವಿಮಾನವಿದೆ, ಅದೇ ಯುದ್ಧದ ನ್ಯಾಟ್ ಯುದ್ಧವಿಮಾನ ಕೂಡ ಇದೆ. ನ್ಯಾಟ್ ಎಷ್ಟು ಪುಟ್ಟ ವಿಮಾನವೆಂಬುದು ಪಕ್ಕದ ಮಿಗ್ ಅದೇ ಅಳತೆಯಲ್ಲಿದ್ದರೆ ಮಾತ್ರ ಕಣ್ಣಿಗೆ ಕಾಣುತ್ತದೆ. ನಾನು ತಂದದ್ದು ಆ ಸಾಲಿನಲ್ಲಿ ಕೂತರೆ ಉಳಿದವೆಲ್ಲ ಸುಳ್ಳಾಗುತ್ತಿದ್ದವು. ಒಳಗಿನ ಲಕೋಟೆಗಳನ್ನು ಹಬ್ಬದ ಸಂಜೆಯೇ ಹರಿದಿದ್ದರಿಂದ ಹಿಂದಿರುಗಿಸಲೂ ಆಗಲಿಲ್ಲ. ಅವರು “ಚೆನ್ನಾಗಿದೆ” ಎಂದರು. ಅವರು ಒಂದೇ ಪದದಲ್ಲಿ ಹೊಗಳಿದರೆ ಏನರ್ಥವೆಂದು ನನಗೆ ಗೊತ್ತು.

ಆದ್ದರಿಂದ ಯಾವ ಕಿಟ್ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕಿಟ್ ಕೊಡಲೇಬೇಡಿ. ಈ ಹವ್ಯಾಸದವರ ಬಳಿ ಕಟ್ಟಿದ್ದಕ್ಕಿಂತ ಕಟ್ಟದೆ ಇಟ್ಟ ಪೆಟ್ಟಿಗೆಗಳೇ ಹೆಚ್ಚಿರುತ್ತವೆ. ಅವರಿಗೆ ಸದಾ ಮುಗಿದುಹೋಗುವುದು ಸಣ್ಣಪುಟ್ಟ ಸಾಮಾನು: ಚಾಕುವಿನ ಅಲಗು, ಕಿರಿದಾದ ಮಾಸ್ಕಿಂಗ್ ಟೇಪು, 400ರಿಂದ 2000 ನಂಬರಿನವರೆಗಿನ ಮರಳು ಕಾಗದ (ನಂಬರು ಹೆಚ್ಚಿದಷ್ಟೂ ನುಣುಪು). ಕೊನೆಯದು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಒಂದು ಒಳ್ಳೆಯ ಕಟ್ಟರ್ ಕೊಟ್ಟರೆ, ಕಿಟ್‌ನಲ್ಲಿ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಅವು ಬಿಳಿಚಿಕೊಳ್ಳದೆ ಬಿಡಿಸಿಕೊಳ್ಳುತ್ತವೆ. ಅಂಟು ಕೊಡುವುದಾದರೆ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ, ಮುಚ್ಚಳದಲ್ಲೇ ಕುಂಚವಿರುವ ತೆಳುವಾದ ಅಂಟನ್ನೇ ಕೊಡಿ. ಸೂಪರ್ ಗ್ಲೂ ಬೇಡ, ಅದರ ಆವಿಗೆ ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಮಂಜು ಕವಿದಂತಾಗುತ್ತದೆ. ಬಣ್ಣದ ಗೋಜಿಗೆ ಹೋಗಬೇಡಿ. ಎನಾಮೆಲ್ ಬಳಸುವವರೋ ಅಕ್ರಿಲಿಕ್ ಬಳಸುವವರೋ ಎಂದು ನಿಮಗೆ ತಿಳಿದಿಲ್ಲ, ಒಂದರ ಥಿನ್ನರ್ ಇನ್ನೊಂದಕ್ಕೆ ಆಗುವುದಿಲ್ಲ.

ನೀವೂ ಕೊಡಗಿನವರೇ ಆದ್ದರಿಂದ ಇದೊಂದನ್ನು ಖಂಡಿತ ಸೇರಿಸಿ: ಗಾಳಿಯಾಡದ ಮುಚ್ಚಳದ ದೊಡ್ಡ ಡಬ್ಬಿ, ಜೊತೆಗೆ ಅರ್ಧ ಕಿಲೋ ಸಿಲಿಕಾ ಜೆಲ್. ವಿಮಾನದ ಮೇಲೆ ಅಂಟಿಸುವ ಗುರುತುಗಳ ಹಾಳೆ, ಅಂದರೆ ಡೆಕಾಲ್, ನಮ್ಮ ಮಳೆಗಾಲದ ತೇವಕ್ಕೆ ಹಾಳಾಗುತ್ತದೆ. ಜೂನ್‌ನಲ್ಲಿ ಹೊರಗಿಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಬೂಷ್ಟು. ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ ಕಾಳು ಕೇಳಿ ತನ್ನಿ, ತೇವ ಹೀರಿದಂತೆ ಅದು ಹಸಿರಾಗುತ್ತದೆ. (ನಮ್ಮ ತೋಟದ ಕಿತ್ತಳೆಗೆ ಇದು ತಿರುವುಮುರುವು.) ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಬಣ್ಣ ಬರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದೇ, ಅಟ್ಟದ ಮೇಲಿನ ಮಿಗ್ ಪೆಟ್ಟಿಗೆಗೂ ಎರಡು ಹಿಡಿ ಕಾಳು ಹಾಕಿಟ್ಟಿದ್ದೇನೆ.