ತಲೆ ಎತ್ತಿ ಹಿಡಿದಾಗ ಕೆಳಗಿಳಿಯುವ ಕಣ್ಣು, ನೋಡಿ ಎಂದಾಗ ಏಕೆ ಇಳಿಯುವುದಿಲ್ಲ?

ತಂದೆಯವರಿಗೆ ಕೆಳಗೆ ನೋಡಲಾಗುತ್ತಿಲ್ಲ, ಗಲ್ಲ ಹಿಡಿದು ತಲೆ ಎತ್ತಿದರೆ ಮಾತ್ರ ಕಣ್ಣು ಇಳಿಯುತ್ತದೆ, ಕನ್ನಡಕಕ್ಕೆ ಮಂಗಳೂರೋ ಕಣ್ಣೂರೋ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಬದಿಯಡ್ಕದ ಬಳಿಯ ನಮ್ಮ ಮನೆಯ ಜಗಲಿಯೇ ಕಣ್ಣೆದುರು ಬಂತು.

ನನ್ನ ಅಪ್ಪ ಅಡಿಕೆ ತೋಟದಲ್ಲೇ ಬದುಕಿದವರು. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕವನ್ನು ಹೊರೆ ಹೊತ್ತು ದಾಟುತ್ತಿದ್ದವರು, ಒಂದು ಮಳೆಗಾಲದಿಂದ ಅದರ ತುದಿಯಲ್ಲೇ ನಿಂತುಬಿಡತೊಡಗಿದರು. ಎರಡು ಸಲ ಅಂಗಳದಲ್ಲಿ, ಎಡವದೆಯೇ, ಹಿಂದಕ್ಕೆ ಬಿದ್ದರು. ಊಟಕ್ಕೆ ಕುಳಿತರೆ ಬಾಳೆಲೆಯ ಆಚೆ ಬದಿಯ ಪಲ್ಯ ಖಾಲಿಯಾಗುತ್ತಿತ್ತು, ಈಚೆ ಬದಿಯ ಅನ್ನ ಹಾಗೆಯೇ ಉಳಿಯುತ್ತಿತ್ತು. ಹಸಿವು ಕಡಿಮೆಯಾಗಿದೆ ಎಂದು ಅಮ್ಮ ತಿಳಿದರು. ಪವರ್ ಬದಲಾಗಿದೆ ಎಂದು ತಿಳಿದ ನಾನು ಒಂದೂವರೆ ವರ್ಷದಲ್ಲಿ ಮೂರು ಕನ್ನಡಕ ಮಾಡಿಸಿದೆ.

ಆದರೆ ನಮಗೆ ನಿಜವಾಗಿ ದುಬಾರಿಯಾದ ತಪ್ಪು ಕನ್ನಡಕದ್ದಲ್ಲ. ಒಂದು ಸಂಜೆ ಎದೆಮಟ್ಟದಲ್ಲಿ ಬೆರಳು ಹಿಡಿದು ನೋಡಲು ಹೇಳಿದೆ, ಕಣ್ಣು ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತಿರಲು ಹೇಳಿ ಅವರ ತಲೆಯನ್ನು ಮೆಲ್ಲನೆ ಹಿಂದಕ್ಕೆ ಬಾಗಿಸಿದಾಗ, ಕಣ್ಣಾಲಿಗಳು ಸಲೀಸಾಗಿ ಕೆಳಗಿಳಿದು ಅವುಗಳ ಮೇಲೆ ಬಿಳಿ ಕಂಡಿತು. "ಮನಸ್ಸು ಮಾಡಿದರೆ ಆಗುತ್ತದಲ್ಲ ಅಪ್ಪ" ಎಂದೆ. "ಮನಸ್ಸು ಇದೆ ಮಗಾ, ಕಣ್ಣು ಇಳಿಯುವುದಿಲ್ಲ" ಎಂದರು. ನಾನು ನಂಬಲಿಲ್ಲ. ಕಣ್ಣು ಆಡುತ್ತದೆ, ಆದ್ದರಿಂದ ದೋಷವಿಲ್ಲ, ಇದು ಹಠ ಎಂದು ಲೆಕ್ಕ ಹಾಕಿ ಮತ್ತೆ ಎಂಟು ತಿಂಗಳು ಕಳೆದೆ. ನಾನು ಕಂಡದ್ದು ದೋಷವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ದೋಷ ಎಲ್ಲಿದೆ ಎಂಬುದನ್ನು ತೋರಿಸುವ ಗುರುತಾಗಿತ್ತು.

ಪ್ರತಿ ಕಣ್ಣನ್ನು ಆಡಿಸುವುದು ಆರು ಸ್ನಾಯುಗಳು ಮತ್ತು ಮಿದುಳುಕಾಂಡದಿಂದ ಬರುವ ಮೂರು ನರಗಳು. ಈ ಕೊನೆಯ ದಾರಿ ಒಂದೇ ಆದರೂ ಅದಕ್ಕೆ ಆಜ್ಞೆ ಬರುವ ಮೂಲಗಳು ಬೇರೆ. ಬೇಕೆಂದು ನೋಡುವಾಗ ಆಜ್ಞೆ ಹಣೆಯ ಹಿಂದಿನ ಮಿದುಳಿನ ಭಾಗದಿಂದ ಹೊರಟು ಮಿದುಳುಕಾಂಡದ ಮೇಲ್ಭಾಗವಾದ ನಡುಮಿದುಳಿಗೆ ಇಳಿಯುತ್ತದೆ. ಇದಕ್ಕೆ ಸುಮಾರು 200 ಮಿಲಿಸೆಕೆಂಡ್ ಬೇಕು. ತಲೆ ಅಲುಗಿದಾಗಲಾದರೋ ಒಳಕಿವಿಯ ಅರ್ಧವರ್ತುಲ ನಾಳಗಳು ನೇರವಾಗಿ ಮಿದುಳುಕಾಂಡಕ್ಕೆ ಸುದ್ದಿ ಮುಟ್ಟಿಸಿ, ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣನ್ನು ತಲೆಯ ವಿರುದ್ಧ ದಿಕ್ಕಿಗೆ ತಿರುಗಿಸುತ್ತವೆ. ಪತ್ರಿಕೆಯನ್ನು ಬೇಗಬೇಗ ಅಲ್ಲಾಡಿಸಿದರೆ ಅಕ್ಷರ ಕಲಸಿಹೋಗುತ್ತದೆ. ಪತ್ರಿಕೆಯನ್ನು ಸ್ಥಿರವಾಗಿಟ್ಟು ಅಷ್ಟೇ ವೇಗದಲ್ಲಿ ತಲೆಯಾಡಿಸಿದರೆ ಓದಬಹುದು. ಅದು ಈ ಪ್ರತಿವರ್ತನೆಯ ಕೆಲಸ. ಅಪ್ಪನಲ್ಲಿ ಅದು ಉಳಿದಿತ್ತು, ಸ್ನಾಯುವೂ ನರವೂ ಸರಿಯಿದ್ದವು, ಅವುಗಳ ಮೇಲಿನ ಹಂತ ಕೆಟ್ಟಿತ್ತು.

ಕೊನೆಗೆ ನರರೋಗ ತಜ್ಞರೊಬ್ಬರು ಅದೇ ಪರೀಕ್ಷೆಯನ್ನು ಮಾಡಿ, ಎಂಆರ್‌ಐ ಮಾಡಿಸಿ, ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂದರು. 1964ರಲ್ಲಿ ಟೊರೊಂಟೊದ ಸ್ಟೀಲ್, ರಿಚರ್ಡ್‌ಸನ್, ಓಲ್ಶೆವ್ಸ್ಕಿ ಎಂಬ ಮೂವರು ವೈದ್ಯರು ವಿವರಿಸಿದ, ಮಿದುಳಿನ ಕೆಲವು ಭಾಗಗಳು ಕ್ರಮೇಣ ಕ್ಷೀಣಿಸುವ ಕಾಯಿಲೆಯಿದು. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಆದರೂ ಆ ಎಂಟು ತಿಂಗಳು ಅಪ್ಪ ನನ್ನ ಗದರಿಕೆಯನ್ನು ಕೇಳಬೇಕಾಗಿರಲಿಲ್ಲ, ಮೂರನೆಯ ಸಲ ಬಿದ್ದು ಸೊಂಟ ಮುರಿದುಕೊಳ್ಳಬೇಕಾಗಿರಲಿಲ್ಲ.

ಆದ್ದರಿಂದ ಮಂಗಳೂರೋ ಕಣ್ಣೂರೋ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಲ್ಲ. ಎಲ್ಲಿಗೆ ಹೋದರೂ ನರರೋಗ ತಜ್ಞರ ಬಳಿಗೆ ಹೋಗಿ. ನಿಮ್ಮ ತಂದೆಯವರಿಗೂ ಇದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಅದನ್ನು ಪರೀಕ್ಷಿಸಿದವರೇ ಹೇಳಬೇಕು. ತೊಂದರೆ ಹಠಾತ್ತನೆ ಬಂದದ್ದಾದರೆ ಇವತ್ತೇ ಹೊರಡಿ. ಬೈಫೋಕಲ್ ಕನ್ನಡಕವನ್ನಂತೂ ಈಗ ಕೊಡಿಸಬೇಡಿ. ಓದುವ ಪವರ್ ಇರುವುದು ಅದರ ಕೆಳಭಾಗದಲ್ಲಿ, ಅವರ ಕಣ್ಣು ಇಳಿಯಲಾರದ ಜಾಗದಲ್ಲಿ. ಊಟವನ್ನು ಮೇಜಿನ ಮೇಲೆ ಮಣೆಯಿಟ್ಟು ಎತ್ತರದಲ್ಲಿ ಬಡಿಸಿ. ವೈದ್ಯರ ಬಳಿ ದೃಷ್ಟಿ ಮಂದವಾಗಿದೆ ಎನ್ನದೆ, ಹೇಳಿದರೆ ಕಣ್ಣು ಇಳಿಯುವುದಿಲ್ಲ, ತಲೆ ಎತ್ತಿದರೆ ಇಳಿಯುತ್ತದೆ ಎಂದು ನಮಗೆ ಬರೆದ ಮಾತನ್ನೇ ಹೇಳಿ. ಅವರು ಎಂದಾದರೂ ಬಿದ್ದಿದ್ದರೆ, ಮುಂದಕ್ಕೆ ಬಿದ್ದರೋ ಹಿಂದಕ್ಕೋ ಎಂಬುದನ್ನೂ ತಿಳಿಸಿ.