ಲೋಕಲ್‌ನಲ್ಲಿ ಓದಲು 8 ಇಂಚೇ ಸಾಕು

ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನಾ ಮುಂಬೈ ಲೋಕಲ್ ರೈಲಿನಲ್ಲಿ ಹೋಗುವಾಗ ಓದಲು ಟ್ಯಾಬ್ ಬೇಕು, 8 ಇಂಚಿನದೋ 11 ಇಂಚಿನದೋ, ಸಿಮ್ ಇರಬೇಕೋ ಬೇಡವೋ ಅಂತ ಕೇಳಿದ್ದೀರಿ.

ನಾನು ಠಾಣೆಯವನು. ಮೊದಲು 11 ಇಂಚಿನದೇ ತಂದೆ. ಕವರ್ ಸೇರಿ ಮುಕ್ಕಾಲು ಕಿಲೋ! ಸೀಟು ಸಿಕ್ಕರೆ ಸರಿ. ಇಲ್ಲದಿದ್ದರೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಈ ಹಲಗೆ, ಬೆನ್ನಿಗೆ ಯಾರದೋ ಬ್ಯಾಗು. ಘಾಟ್‌ಕೋಪರ್ ಬರುವಷ್ಟರಲ್ಲಿ ಮಣಿಕಟ್ಟು ನೋವು. ಈಗ ಅಮ್ಮ ಅದರಲ್ಲಿ ಅಡುಗೆ ವಿಡಿಯೋ ನೋಡುತ್ತಾರೆ.

ನಿಮಗೆ 8 ಇಂಚಿನದೇ ಸರಿ. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಜಾಸ್ತಿ ಓದುವುದಾದರೆ ಸ್ವಲ್ಪ ಯೋಚಿಸಿ. ಅದರಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡಲು ಆಗಲ್ಲ, ಪುಟವನ್ನೇ ಹಿಗ್ಗಿಸಿ ಅತ್ತಿತ್ತ ಎಳೆಯಬೇಕು. ನಮ್ಮ ಒತ್ತಕ್ಷರಗಳಂತೂ ಇರುವೆ ಸಾಲು! ಇ-ಪಬ್ (ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕ) ಆದರೆ ಆ ತೊಂದರೆ ಇಲ್ಲ.

ಸಿಮ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಪುಸ್ತಕ ಮನೆಯಲ್ಲೇ ಇಳಿಸಿಕೊಳ್ಳಿ, ದಾರಿಯಲ್ಲಿ ಬೇಕಾದರೆ ಫೋನಿನ ಹಾಟ್‌ಸ್ಪಾಟ್ ಇದೆ ಅಲ್ವಾ.

ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡರೆ ಜಿಎಸ್‌ಟಿ ಬಿಲ್ ಬಿಡಬೇಡಿ. ಒಮ್ಮೆ ಒಂದು ಅಂಗಡಿಯಲ್ಲಿ ಬಿಲ್ ಇಲ್ಲದೆ ಅಗ್ಗಕ್ಕೆ ಕೊಂಡಿದ್ದೆ. ಚಾರ್ಜಿಂಗ್ ಪೋರ್ಟ್ ಕೆಟ್ಟಾಗ ವಾರಂಟಿ ಸಿಗಲಿಲ್ಲ.

ಹಾಂ, ಬಾಗಿಲ ಹತ್ತಿರ ನಿಂತಾಗ ಮಾತ್ರ ಬ್ಯಾಗಿನಿಂದ ತೆಗೆಯಬೇಡಿ.