ಸಡಿಲ ತಂತಿಯೂ ಹಳೆಯ ಪಂಚೆಯೂ

ಪ್ರಶ್ನೆ: ಗೆಳೆಯರಿಬ್ಬರು ಸೇರಿ ಚೆನ್ನೈನಿಂದ ಹಳೆಯದೊಂದು ಹಾಯಿದೋಣಿ ತಂದು ಕನ್ನಂಬಾಡಿ ಹಿನ್ನೀರಿಗೆ ಇಳಿಸಿದ್ದೇವೆ. ಗಾಳಿ ಹಿಡಿದು ದೋಣಿ ವಾಲಿದಾಗ ಕೂವೆಮರವನ್ನು (ಹಾಯಿ ಕಟ್ಟುವ ಕಂಬ) ಎಡಬಲದಿಂದ ಎಳೆದು ಹಿಡಿದಿರುವ ತಂತಿಗಳಲ್ಲಿ ವಾಲಿದ ಬದಿಯದು ಸಡಿಲವಾಗುತ್ತದೆ. ತಂತಿಯ ಬುಡದ ಟರ್ನ್‌ಬಕಲ್ (ಬಿಗಿ ಮಾಡುವ ತಿರುಪು) ತಿರುಗಿಸಿ ಬಿಗಿ ಮಾಡಿಬಿಡಲೇ?
— ಓದುಗರೊಬ್ಬರು, ಯಾದವಗಿರಿ, ಮೈಸೂರು

ಉತ್ತರ: ಸ್ವಲ್ಪ ತಾಳಿ. ಗಾಳಿ ಬರುವ ಕಡೆಯ ತಂತಿ ಭಾರ ಹೊತ್ತಾಗ ಎದುರು ಬದಿಯದು ತುಸು ಸಡಿಲುವುದು ಸಹಜ. ಜೋತುಬಿದ್ದು ಓಲಾಡುತ್ತಿದ್ದರೆ ಮಾತ್ರ ಬಿಗಿತ ಸಾಲದು. ನನಗೆ ಕಳವಳ ಹುಟ್ಟಿಸಿದ್ದು ನಿಮ್ಮ ಪತ್ರದ ಇನ್ನೊಂದು ಪದ: ಚೆನ್ನೈ. ಕಾವೇರಿಯ ಸಿಹಿನೀರು ಸ್ಟೇನ್‌ಲೆಸ್ ಸ್ಟೀಲಿಗೆ ಅಷ್ಟೇನೂ ಕೇಡು ಮಾಡದು. ಕಡಲಿನ ಉಪ್ಪು ಹಾಗಲ್ಲ. ತಂತಿಯ ತುದಿಯನ್ನು ಕಚ್ಚಿ ಹಿಡಿದಿರುವ ಲೋಹದ ಕೊಳವೆಯೊಳಗೆ ಉಪ್ಪುನೀರು ನಿಂತರೆ, ಗಾಳಿಯಾಡದ ಆ ಸಂದಿನಲ್ಲಿ ಉಕ್ಕು ಕೊರೆದುಹೋಗುತ್ತದೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬಂತೆ ಹೊರಗೆ ಮಾತ್ರ ಹೊಳೆಯುತ್ತಿರುತ್ತದೆ.

ಆದ್ದರಿಂದ ಮೊದಲು ಕೂವೆಮರವನ್ನು ಇಳಿಸಿ ದಡದಲ್ಲಿ ಮಲಗಿಸಿ. (ಇಳಿಸುವಾಗಲೂ ಎತ್ತುವಾಗಲೂ ನೆತ್ತಿಯ ಮೇಲೆ ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಇಲ್ಲವೆಂದು ನೋಡಿಕೊಳ್ಳಿ.) ಹಳೆಯ ಹತ್ತಿ ಪಂಚೆಯ ಚೂರೊಂದನ್ನು ತಂತಿಗೆ ಸುತ್ತಿ ಉದ್ದಕ್ಕೂ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ಎಳೆ ತುಂಡಾಗಿದೆಯೆಂದೇ ಲೆಕ್ಕ. ಬರಿಗೈಯಲ್ಲಿ ಸವರಬೇಡಿ, ನನ್ನ ತೋರುಬೆರಳಿನಲ್ಲಿ ಆ ಗುರುತು ಇನ್ನೂ ಇದೆ. ತಂತಿಯಲ್ಲಿ ಹೊಸೆದಿರುವ 19 ಎಳೆಗಳಲ್ಲಿ ಒಂದೇ ಹೋಗಿದ್ದರೂ ತಂತಿ ಬದಲಿಸಿ, ಎದುರು ಬದಿಯದನ್ನೂ ಬದಲಿಸಿ. ಅದೂ ಇದರ ಓರಗೆಯದೇ ತಾನೇ. ಬಳಿಕ ಕೊಳವೆಯ ಬಾಯನ್ನು ಭೂತಕನ್ನಡಿಯಲ್ಲಿ ನೋಡಿ. ತುಕ್ಕಿನ ಕಂದು ಗೆರೆಯೋ ಕೂದಲಿನಷ್ಟು ಸಣ್ಣ ಬಿರುಕೋ ಕಂಡರೆ ಎರಡನೇ ಯೋಚನೆ ಬೇಡ, ಬದಲಿಸಿ. ಹಿಂದಿನವರು ಟೇಪು ಸುತ್ತಿದ್ದರೆ ಬಿಚ್ಚಿ ಒಳಗೂ ನೋಡಿ. ತಂತಿಗೆ 10-15 ವರ್ಷ ದಾಟಿದ್ದರೆ ಈ ಶ್ರಮವೂ ಬೇಡ, ಹೊಸದು ಹಾಕಿಸಿ.

ಇನ್ನು ಬಿಗಿತ. ಮರ ನಿಲ್ಲಿಸಿದ ಮೇಲೆ, ಹಾಯಿ ಏರಿಸುವ ಹಗ್ಗಕ್ಕೆ ಸ್ಟೀಲ್ ಟೇಪು ಕಟ್ಟಿ ತುದಿಗೇರಿಸಿ, ಎಡಬಲ ತಂತಿಗಳ ಬುಡಕ್ಕೆ ಅಳೆಯಿರಿ. ಎರಡೂ ಅಳತೆ ಒಂದೇ ಆಗುವವರೆಗೆ ಒಂದು ಕಡೆ ಅರ್ಧ ಸುತ್ತು ಸಡಿಲಿಸಿ, ಇನ್ನೊಂದು ಕಡೆ ಅರ್ಧ ಸುತ್ತು ಬಿಗಿಸಿ. ಆಮೇಲೆ ಎರಡನ್ನೂ ಸಮನಾಗಿ ತಿರುಗಿಸುತ್ತ ಬನ್ನಿ. ಜೋಲು ಹೋದ ಮೇಲೆ 2 ಮೀಟರ್ ತಂತಿ 1 ಮಿಲಿಮೀಟರ್ ಹಿಗ್ಗಿದರೆ, ಅದು ತುಂಡಾಗುವ ಭಾರದ ಶೇ 5ರಷ್ಟು ಬಿಗಿತ ಬಂದಿರುತ್ತದೆ. ದೊಡ್ಡ ದೋಣಿಗಳಲ್ಲಿ ಶೇ 15ರವರೆಗೆ ಹೋಗುವುದುಂಟು; ನಿಮ್ಮ ಮುದಿ ದೋಣಿಯ ಒಡಲನ್ನು ಹಾಗೆ ಹಿಂಡಬೇಡಿ. ವೀಣೆಯ ತಂತಿಯಂತೆ ಮಿಡಿದು, ನಾದ ಕೇಳಿಯೇ ಹೊಂದಿಸುತ್ತೇನೆ ಎನ್ನುವ ಮಿತ್ರರೊಬ್ಬರು ನನಗಿದ್ದಾರೆ. ಅವರ ಕೂವೆಮರ ಇಂದಿಗೂ ಶ್ರೀರಂಗಪಟ್ಟಣದ ಕಡೆಗೇ ವಾಲಿ ನಿಂತಿದೆ.

ಕೊನೆಗೆ ಟರ್ನ್‌ಬಕಲ್‌ಗಳಿಗೆಲ್ಲ ಸ್ಪ್ಲಿಟ್ ಪಿನ್ (ತಿರುಪು ತಾನಾಗಿ ತಿರುಗದಂತೆ ತಡೆಯುವ ಕವಲು ಕಡ್ಡಿ) ಹಾಕಿ ಅದರ ಕಾಲು ಮಡಚಿ. ಹೋದ ಆಷಾಢದಲ್ಲಿ ನಾನೇ ಒಂದನ್ನು ಮರೆತೆ. ಟರ್ನ್‌ಬಕಲ್ ತಾನಾಗಿಯೇ ಬಿಚ್ಚಿಕೊಳ್ಳುತ್ತ ಬಂದು, ನಡುನೀರಿನಲ್ಲಿ ಮರ ಹಾಯಿಸಮೇತ ಮಲಗಿತು. ಮೀನು ಹಿಡಿಯುವವರೊಬ್ಬರು ಹರಿಗೋಲಿಗೆ ಕಟ್ಟಿ ದಡಕ್ಕೆ ಎಳೆದು ತಂದರು. ಪಿನ್ನು ನನ್ನ ಅಂಗಿಯ ಜೇಬಿನಲ್ಲೇ ಇತ್ತು.